'ಪ್ರೊಪಗಾಂಡ ಕಾರ್ಟೂನ್': ಫ್ಲೆಕ್ಸಿಗೆ ಏನು ಬರೆಯೋಣ?

ಕಾರವಾರದಿಂದ:
ಇಲ್ಲಿಯ ಕಾಲೇಜೊಂದರಲ್ಲಿ ಎರಡು ಮಹಾಯುದ್ಧಗಳ ಕಾಲದ ರಾಜಕೀಯ ಕಾರ್ಟೂನುಗಳ ಪ್ರದರ್ಶನ ಇದೆ. ಫ್ಲೆಕ್ಸ್ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. 'ಯುದ್ಧಪ್ರಚಾರದ ವ್ಯಂಗ್ಯಚಿತ್ರಗಳು' ಅಂತ ಬರೆದಿದ್ದೇನೆ. ಆದರೆ ಲಂಡನ್ನಿನ ಪತ್ರಿಕೆಯ ಕಾರ್ಟೂನುಗಾರ ಡೇವಿಡ್ ಲೋ 1940ರ ಜೂನ್ 18ರಂದು ಪ್ರಕಟಿಸಿದ ಚಿತ್ರ ನೋಡಿ. ಪ್ಯಾರಿಸ್ ಜರ್ಮನಿಯ ಕೈಸೇರಿ ನಾಲ್ಕೇ ದಿನ. ಅಬ್ಬರಿಸುವ ಕಡಲು, ದಡದಲ್ಲಿ ಒಬ್ಬ ಬ್ರಿಟಿಷ್ ಸೈನಿಕ, ಆಕಾಶದ ವಿಮಾನಗಳತ್ತ ಎತ್ತಿದ ಮುಷ್ಟಿ. ಇದರಲ್ಲಿ ವ್ಯಂಗ್ಯ ಎಲ್ಲಿದೆ? 'ಪ್ರಚಾರ' ಸಾಕಾ, 'ಅಪಪ್ರಚಾರ' ಬೇಕಾ?

ಕುಮಟಾದಿಂದ:
ಎಲ್ಲವೂ ಸಂಸ್ಕೃತ. 'ಡಂಗುರದ ಅಣಕಚಿತ್ರ' ಅಂತ ಬರೆಯಿರಿ. ಡಂಗುರ ಅಂದ್ರೆ ಮಕ್ಕಳಿಗೂ ಗೊತ್ತು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಶಿರಸಿಯಿಂದ:
ಇದೆ ಮಾರಾಯ್ರೆ. ಅಣಕಚಿತ್ರದ 'ಚಿತ್ರ' ಎಲ್ಲಿಂದ ಬಂತು? ಡಂಗುರ ಹೊಡೆಯುವವನು ಯಾರ ಕಡೆಯವನು ಅಂತ ಊರಿಗೆಲ್ಲ ತಿಳಿದಿರುತ್ತದೆ. ಪ್ರೊಪಗಾಂಡದಲ್ಲಿ ಎಷ್ಟೋ ಸಲ ಅದನ್ನೇ ಮುಚ್ಚಿಡುತ್ತಾರೆ. 1914ರಲ್ಲಿ ಬ್ರಿಟಿಷ್ ಸರ್ಕಾರ ಲಂಡನ್ನಿನ ವೆಲಿಂಗ್ಟನ್ ಹೌಸಿನಲ್ಲಿ ಗುಟ್ಟಾಗಿ ಪ್ರಚಾರದ ಕಚೇರಿ ತೆರೆಯಿತು. ಡಚ್ ಚಿತ್ರಕಾರ ಲೂಯಿ ರಾಮಾಕರ್ಸ್ ಜರ್ಮನಿಯ ವಿರುದ್ಧ ಬರೆದ ಚಿತ್ರಗಳನ್ನು ಅದು ದೇಶದೇಶಕ್ಕೆ ಹಂಚಿತು. ಹಾಲೆಂಡ್ ಯುದ್ಧಕ್ಕೆ ಇಳಿಯದ ದೇಶ. ಅಲ್ಲಿಯವನ ಚಿತ್ರಕ್ಕೆ ಬೆಲೆ ಜಾಸ್ತಿ, ಅಲ್ವಾ? 'ಪ್ರಚಾರ' ಅನ್ನಿ. 'ಅಪಪ್ರಚಾರ' ಸುಳ್ಳು ಹಬ್ಬಿಸುವುದಕ್ಕೆ. ಲೋ ಬರೆದ ಸೈನಿಕನಲ್ಲಿ ಸುಳ್ಳೇನಿದೆ?

ವ್ಯಂಗ್ಯ ಅಂದ್ರೆ ಬರೀ ಕುಹಕ ಅಲ್ಲ. ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥಕ್ಕೆ ಕಾವ್ಯಶಾಸ್ತ್ರದಲ್ಲಿ ಅದೇ ಹೆಸರು. ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ಧ್ವನಿಸಿದ್ಧಾಂತವೂ ಅದರ ಮೇಲೇ ನಿಂತದ್ದು. 1939ರ ಸೆಪ್ಟೆಂಬರಿನಲ್ಲಿ ಇದೇ ಲೋ ಹಿಟ್ಲರ್, ಸ್ಟಾಲಿನ್ ಇಬ್ಬರನ್ನೂ ಎದುರುಬದುರು ನಿಲ್ಲಿಸಿದ. ಟೋಪಿ ತೆಗೆದು ಬಾಗಿ ವಂದಿಸುತ್ತಾರೆ, ಬಾಯಲ್ಲಿ ಬೈಗುಳ. ಕಾಲ ಬುಡದಲ್ಲಿ ಇಬ್ಬರೂ ದಾಳಿ ಮಾಡಿದ ಪೋಲೆಂಡಿನ ಹೆಣ. ಇದೂ ವ್ಯಂಗ್ಯ, ಮುಷ್ಟಿಯೂ ವ್ಯಂಗ್ಯ. ಒಂಟಿಯಾದರೂ ಸೋಲುವುದಿಲ್ಲ ಅಂತ ಆ ಕೈಯೇ ಹೇಳುತ್ತದೆ. ಅಣಕ ಅಂದ್ರೆ ಆ ಸೈನಿಕನನ್ನೇ ಗೇಲಿ ಮಾಡಿದ ಹಾಗೆ ಆಗುತ್ತದೆ.

ಎರವಲು ಬೇಡ ಅನ್ನುವವರು ಮೊದಲು ಚಾವಿ, ಜನೇಲು ಬಿಡಲಿ. ಎರಡೂ ಪೋರ್ಚುಗೀಸರಿಂದ ಬಂದವು.

ಬರೆದದ್ದನ್ನು ಹಾಗೇ ಅಚ್ಚಿಗೆ ಕಳಿಸಿ. 'ಯುದ್ಧಪ್ರಚಾರ' ಸಮಾಸ, ನಡುವೆ ಜಾಗ ಬಿಡಬೇಡಿ.

ಕುಮಟಾದಿಂದ:
ಜನೇಲು ಜನರ ಬಾಯಿಂದ ಬಂತು. ನಿಮ್ಮ ವ್ಯಂಗ್ಯಾರ್ಥ ಶಾಸ್ತ್ರದ ಪುಸ್ತಕದಿಂದ ಬಂತು. ಫ್ಲೆಕ್ಸ್ ಓದುವವರು ಆನಂದವರ್ಧನನನ್ನು ಓದಿ ಬರುತ್ತಾರಾ? ಅದಕ್ಕೆ ಉತ್ತರ ಕೊಡಿ.