ನವೆಂಬರಿನಲ್ಲಿ ಮಿನಿಯಾಪೊಲಿಸ್‌ಗೆ ಬರುತ್ತಿದ್ದೇವೆ: ಮನೆ ಎಲ್ಲಿ ಹಿಡಿಯಬೇಕು, ಚಳಿಗೆ ಸಿದ್ಧತೆ ಏನು?

ಹೊಸ ವಲಸಿಗರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಮಿನ್ನೆಸೋಟಕ್ಕೆ ವರ್ಗವಾಗಿದೆ, ನವೆಂಬರ್ ಮೊದಲ ವಾರ ಬಂದಿಳಿಯುತ್ತೇವೆ. ಆಫೀಸು ಈಡನ್ ಪ್ರೇರಿಯಲ್ಲಿ, ವಾರಕ್ಕೆ ನಾಲ್ಕು ದಿನ ಹೋಗಲೇಬೇಕು. ನಾವಿಬ್ಬರು ಮತ್ತು ನಾಲ್ಕೂವರೆ ವರ್ಷದ ಮಗಳು. ಮೊದಲ ವರ್ಷ ಬಾಡಿಗೆ ಅಪಾರ್ಟ್‌ಮೆಂಟ್ ಸಾಕು. ಒಬ್ಬರು ವುಡ್‌ಬರಿ ಅಂತಾರೆ, ಇನ್ನೊಬ್ಬರು ಮೇಪಲ್ ಗ್ರೋವ್, ಮತ್ತೊಬ್ಬರು ಸ್ಕೈವೇ (ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಮುಚ್ಚಿದ ಮೇಲ್ದಾರಿ) ಇರುವುದರಿಂದ ಡೌನ್‌ಟೌನೇ ಸರಿ ಅಂತಾರೆ. ಕಾರಿಲ್ಲದೆ ಮೊದಲ ಒಂದೆರಡು ತಿಂಗಳು ನಡೆಯುತ್ತದೆಯೇ? ಭಾರತದ ಲೈಸೆನ್ಸ್ ಮಾತ್ರ ಇದೆ. ಚಳಿಯ ಬಟ್ಟೆ ಇಲ್ಲಿಂದಲೇ ತರಬೇಕೇ?

ನೈಋತ್ಯ ನಿವಾಸಿ

ವುಡ್‌ಬರಿಯನ್ನು ಪಟ್ಟಿಯಿಂದ ತೆಗೆದುಬಿಡಿ. ಊರು ಒಳ್ಳೆಯದೇ, ಆದರೆ ಅದು ಸೇಂಟ್ ಪಾಲ್‌ನ ಪೂರ್ವಕ್ಕಿದೆ, ನಿಮ್ಮ ಆಫೀಸು ನೈಋತ್ಯದ ಮೂಲೆಯಲ್ಲಿ. ದಿನಾ ಮಿಸಿಸಿಪ್ಪಿ ದಾಟಿ 494 ಹೆದ್ದಾರಿಯ ದಕ್ಷಿಣದ ಭಾಗವನ್ನು ಪೂರ್ತಿ ಸುತ್ತಬೇಕು. ಬ್ಲೂಮಿಂಗ್ಟನ್ ಹತ್ತಿರ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ವಾಹನಗಳು ತೆವಳುತ್ತವೆ, ಹಿಮ ಬಿದ್ದ ದಿನ ಕೇಳುವುದೇ ಬೇಡ. ಇಲ್ಲಿ ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ನೋಡಬೇಕಾದ್ದು ಆಫೀಸು ನದಿಯ ಯಾವ ದಡದಲ್ಲಿದೆ ಅನ್ನುವುದನ್ನು. ಶಾಕೋಪಿ, ಬರ್ನ್ಸ್‌ವಿಲ್ ಭೂಪಟದಲ್ಲಿ ಹತ್ತಿರ ಕಾಣುತ್ತವೆ, ಆದರೆ ಮಿನ್ನೆಸೋಟ ನದಿಗೆ ಇರುವ ಸೇತುವೆಗಳು ಕೆಲವೇ. ಒಂದರ ಮೇಲೆ ಅಪಘಾತವಾದರೆ ಎಲ್ಲರೂ ಇನ್ನೊಂದಕ್ಕೆ ಬರುತ್ತಾರೆ.

ಈಡನ್ ಪ್ರೇರಿ, ಚಾನ್‌ಹ್ಯಾಸನ್, ಮಿನ್ನೆಟೊಂಕ, ಎಡೈನಾ, ಇವುಗಳಲ್ಲಿ ಹುಡುಕಿ. ಮೇಪಲ್ ಗ್ರೋವ್‌ನಲ್ಲಿ ಮಿನ್ನೆಸೋಟ ಹಿಂದೂ ದೇವಸ್ಥಾನ ಇದೆ, ಅಲ್ಲಿಂದ 494 ಅಥವಾ 169 ಹಿಡಿದು ನೇರ ದಕ್ಷಿಣಕ್ಕೆ ಬರಬಹುದು, ಆದರೂ ಹದಿನೈದಿಪ್ಪತ್ತು ಮೈಲಿ. ಡೌನ್‌ಟೌನಿನ ಸ್ಕೈವೇ ಸುಮಾರು ಒಂಬತ್ತೂವರೆ ಮೈಲಿ ಉದ್ದವಿದೆ, ಚಳಿಯಲ್ಲಿ ದೊಡ್ಡ ಅನುಕೂಲ. ಆದರೆ ಅದು ಅಲ್ಲಿಯೇ ಕೆಲಸ ಮಾಡುವವರಿಗೆ. ರಾತ್ರಿ, ವಾರಾಂತ್ಯ ಹಲವು ಕಡೆ ಬಾಗಿಲು ಮುಚ್ಚಿರುತ್ತದೆ, ಕಾರು ನಿಲ್ಲಿಸಲು ತಿಂಗಳ ಬಾಡಿಗೆ ಬೇರೆ.

ಕಾರಿಲ್ಲದೆ ಸ್ವಲ್ಪ ದಿನ ನಡೆಯುತ್ತದೆ, ಆದರೆ ಈಡನ್ ಪ್ರೇರಿ ಅಥವಾ ಚಾನ್‌ಹ್ಯಾಸನ್‌ನಲ್ಲೇ ಇದ್ದರೆ ಮಾತ್ರ. ಸೌತ್‌ವೆಸ್ಟ್ ಟ್ರಾನ್ಸಿಟ್‌ನವರ ಪ್ರೈಮ್ ಅನ್ನುವ ಸೇವೆ ಇದೆ, ಆ್ಯಪ್‌ನಲ್ಲಿ ಬುಕ್ ಮಾಡಿದರೆ ಸಣ್ಣ ಬಸ್ ಬಂದು ಕರೆದೊಯ್ಯುತ್ತದೆ. ಸಾಮಾನ್ಯ ಎಕ್ಸ್‌ಪ್ರೆಸ್ ಬಸ್‌ಗಳನ್ನು ನಂಬಬೇಡಿ. ಅವು ಹೆಚ್ಚಾಗಿ ಬೆಳಿಗ್ಗೆ ಡೌನ್‌ಟೌನಿಗೆ ಹೋಗಿ ಸಂಜೆ ವಾಪಸು ಬರುವವರಿಗಾಗಿ ಇರುವವು.

ಅಪಾರ್ಟ್‌ಮೆಂಟ್ ನೋಡುವಾಗ ಜಿಮ್, ಈಜುಕೊಳ ಬದಿಗಿಟ್ಟು ಎರಡು ವಿಷಯ ಕೇಳಿ. ನೆಲಮಾಳಿಗೆಯಲ್ಲಿ ಹೀಟೆಡ್ ಗ್ಯಾರೇಜ್ ಇದೆಯೇ, ಹೀಟಿಂಗ್ ಬಿಲ್ ಬಾಡಿಗೆಯಲ್ಲಿ ಸೇರಿದೆಯೇ. ಗ್ಯಾರೇಜ್‌ಗೆ ಹೆಚ್ಚು ಕೊಡುವುದು ದಂಡವಲ್ಲ. ಬಯಲಿನಲ್ಲಿ ನಿಲ್ಲಿಸಿದರೆ ಬೆಳಿಗ್ಗೆ ಗಾಜು ಕೆರೆಯುವುದೊಂದೇ ಅಲ್ಲ, ಹಿಮ ಬಳಿಯುವ ಗಾಡಿ ಬರುವ ಮುಂಚೆ ಕಾರನ್ನು ಬೇರೆ ಕಡೆ ಸರಿಸಬೇಕು, ಇಲ್ಲದಿದ್ದರೆ ಎತ್ತಿಕೊಂಡು ಹೋಗುತ್ತಾರೆ. ಥರ್ಮೋಸ್ಟಾಟ್ (ಮನೆಯ ಬಿಸಿ ಹೆಚ್ಚು ಕಡಿಮೆ ಮಾಡುವ ಸಾಧನ) ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಮಾಲೀಕರು ಮನೆಯೊಳಗೆ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್ ಕೊಡಬೇಕು, ಅದು ರಾಜ್ಯದ ಕಾನೂನು. ಡಿಪಾಸಿಟ್ಟನ್ನು ಮನೆ ಬಿಟ್ಟ 21 ದಿನದೊಳಗೆ ಶೇ. 1 ಬಡ್ಡಿ ಸೇರಿಸಿ ವಾಪಸು ಕೊಡಬೇಕು. ಕಡಿತ ಮಾಡಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಹಾಗಾಗಿ ಒಳಗೆ ಹೋದ ದಿನವೇ ಪ್ರತಿ ಕೋಣೆಯ ಫೋಟೊ ತೆಗೆದು ಇಮೇಲ್ ಮಾಡಿಡಿ. ಜನವರಿ ಕೊನೆಯೊಳಗೆ ಬಾಡಿಗೆ ಕಟ್ಟಿದ ಸರ್ಟಿಫಿಕೇಟನ್ನೂ ಕೇಳಿ ಪಡೆಯಿರಿ. ಆದಾಯ ಮಿತಿಯೊಳಗೆ ಬಂದರೆ ರಾಜ್ಯದ ತೆರಿಗೆಯಲ್ಲಿ ಅದಕ್ಕೆ ಹಣ ವಾಪಸು ಬರುತ್ತದೆ.

ಗ್ಯಾರೇಜ್ ಮಾತು

ಲೈಸೆನ್ಸ್ ವಿಷಯ. ಇಲ್ಲಿಯ ನಿವಾಸಿಯಾದ 60 ದಿನದೊಳಗೆ ಮಿನ್ನೆಸೋಟ ಲೈಸೆನ್ಸ್ ಮಾಡಿಸಬೇಕು. ಭಾರತದ ಲೈಸೆನ್ಸ್ ಇದ್ದವರು ಲಿಖಿತ ಪರೀಕ್ಷೆ, ಕಣ್ಣಿನ ಪರೀಕ್ಷೆಯ ಜೊತೆಗೆ ರೋಡ್ ಟೆಸ್ಟ್ ಕೂಡ ಪಾಸಾಗಬೇಕು. ಲಿಖಿತದಲ್ಲಿ 40 ಪ್ರಶ್ನೆ, 32 ಸರಿ ಇರಬೇಕು. ರೋಡ್ ಟೆಸ್ಟ್‌ಗೆ ಕಾರು ನೀವೇ ತರಬೇಕು, ವಿಮೆಯ ಪುರಾವೆ ಜೊತೆಗಿರಲಿ. ಪ್ಯಾರಲಲ್ ಪಾರ್ಕಿಂಗ್ ಮತ್ತು 90 ಡಿಗ್ರಿಗೆ ಹಿಂದಕ್ಕೆ ನುಗ್ಗಿಸುವುದು ಎರಡನ್ನೂ ಮಾಡಿಸುತ್ತಾರೆ. ನಮ್ಮೂರಿನ ಅಭ್ಯಾಸ ಇರುವವರು ಹೆಚ್ಚಾಗಿ ಫೇಲಾಗುವುದು ಸ್ಟಾಪ್ ಬೋರ್ಡಿನಲ್ಲಿ: ಚಕ್ರ ಪೂರ್ತಿ ನಿಲ್ಲಬೇಕು, ನಿಧಾನ ಮಾಡಿ ಉರುಳಿಸಿಕೊಂಡು ಹೋದರೆ ಆಗುವುದಿಲ್ಲ. ಲೇನ್ ಬದಲಿಸುವಾಗ ಕನ್ನಡಿ ನೋಡಿದರೆ ಸಾಲದು, ಕತ್ತು ತಿರುಗಿಸಿ ನೋಡಿ. ರೋಡ್ ಟೆಸ್ಟ್ ಸ್ಲಾಟ್ ಬೇಗ ಸಿಗದು. ಲಿಖಿತ ಪಾಸಾದ ದಿನವೇ ಬುಕ್ ಮಾಡಿ.

ಹಳೆಯ ಕಾರು ಕೊಳ್ಳುವಾಗ ಮೇಲಿನ ಬಣ್ಣ ನೋಡಬೇಡಿ, ಲಿಫ್ಟಿನ ಮೇಲೆ ಎತ್ತಿಸಿ ಅಡಿಭಾಗ ನೋಡಿ. ರಸ್ತೆಗೆ ಹಾಕುವ ಉಪ್ಪು ಬ್ರೇಕ್ ಪೈಪು, ಸಬ್‌ಫ್ರೇಮ್ ತಿಂದಿರುತ್ತದೆ. ಬ್ಯಾಟರಿ ನಾಲ್ಕೈದು ವರ್ಷದ್ದಾಗಿದ್ದರೆ ನವೆಂಬರಿನಲ್ಲೇ ಬದಲಿಸಿ. ಚಳಿಯಲ್ಲಿ ಅದರ ಶಕ್ತಿ ಕುಗ್ಗುತ್ತದೆ, ಎಂಜಿನ್ ಎಣ್ಣೆ ಗಟ್ಟಿಯಾಗಿ ಸ್ಟಾರ್ಟ್ ಮಾಡಲು ಹೆಚ್ಚು ಶಕ್ತಿ ಬೇಕಾಗುತ್ತದೆ, ಎರಡೂ ಒಟ್ಟಿಗೆ ಬರುವುದರಿಂದಲೇ ಜನವರಿಯಲ್ಲಿ ಕಾರು ಕೈಕೊಡುವುದು. ಗಾಜು ತೊಳೆಯುವ ದ್ರವ ಮೈನಸ್ 20 ಫ್ಯಾರನ್‌ಹೀಟ್ ಎಂದು ಬರೆದಿರುವುದೇ ಬೇಕು. ಬೇಸಿಗೆಯದು ಉಳಿದಿದ್ದರೆ ಖಾಲಿಯಾಗುವವರೆಗೆ ಚಿಮ್ಮಿಸಿ ಹೊಸದು ತುಂಬಿ, ಇಲ್ಲವಾದರೆ ಕೊಳವೆಯಲ್ಲೇ ಹೆಪ್ಪುಗಟ್ಟುತ್ತದೆ. ಆಗ ಮುಂದಿನ ಲಾರಿ ಎರಚಿದ ಉಪ್ಪುನೀರಿನಿಂದ ಗಾಜು ಬೆಳ್ಳಗಾಗಿ ರಸ್ತೆಯೇ ಕಾಣುವುದಿಲ್ಲ. ವಿಂಟರ್ ಟೈರ್ ಹಾಕಿಸುವುದಾದರೆ ನಾಲ್ಕೂ ಹಾಕಿಸಿ. ಎರಡೇ ಹಾಕಿದರೆ ಬ್ರೇಕ್ ಹೊಡೆದಾಗ ಕಾರು ತಿರುಗುತ್ತದೆ. ಉಷ್ಣತೆ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಂತೆ ಟೈರಿನ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಆದ್ದರಿಂದ ಮೊದಲ ಚಳಿಗೆ ಎಚ್ಚರಿಕೆಯ ದೀಪ ಹತ್ತಿದರೆ ಪಂಕ್ಚರ್ ಅಂತ ಗಾಬರಿಯಾಗಬೇಡಿ.

ಮಿನಿಯಾಪೊಲಿಸ್ ನಗರದೊಳಗೆ ಸ್ನೇಹಿತರ ಮನೆಗೆ ಹೋದಾಗ ಸ್ನೋ ಎಮರ್ಜೆನ್ಸಿ (ಹಿಮ ಬಳಿಯಲು ರಸ್ತೆಬದಿ ಖಾಲಿ ಮಾಡಿಸುವ ಘೋಷಣೆ) ನೆನಪಿರಲಿ. ಘೋಷಣೆಯಾದ ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಸ್ನೋ ಎಮರ್ಜೆನ್ಸಿ ಫಲಕವಿರುವ ಮುಖ್ಯ ರಸ್ತೆಗಳ ಎರಡೂ ಬದಿ ನಿಲ್ಲಿಸುವಂತಿಲ್ಲ. ಮರುದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಳಿದ ರಸ್ತೆಗಳಲ್ಲಿ ಸಮಸಂಖ್ಯೆಯ ಮನೆಗಳ ಬದಿ, ಮೂರನೇ ದಿನ ಬೆಸಸಂಖ್ಯೆಯ ಬದಿ ಖಾಲಿ ಇರಬೇಕು. ಸೇಂಟ್ ಪಾಲ್‌ನ ನಿಯಮ ಬೇರೆ, ಉಪನಗರಗಳದ್ದು ಮತ್ತೂ ಬೇರೆ.

ಪ್ಲಿಮತ್ ಅಮ್ಮ

ಬಟ್ಟೆ ಅಲ್ಲಿಂದ ತರಬೇಡಿ. ಮಿನ್ನೆಸೋಟದಲ್ಲಿ ಬಟ್ಟೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಇಲ್ಲಿಯ ಚಳಿಗೆ ತಕ್ಕದ್ದೂ ಇಲ್ಲೇ ಸಿಗುತ್ತದೆ. ವಿಮಾನ ಇಳಿಯುವ ದಿನಕ್ಕೆ ಒಂದು ಜಾಕೆಟ್, ಟೋಪಿ, ಮುಚ್ಚಿದ ಶೂ ಸಾಕು. ನವೆಂಬರ್ ಅಷ್ಟು ಕಠಿಣವಲ್ಲ. ಜನವರಿಯ ರಾತ್ರಿಗಳ ಸರಾಸರಿ ಸುಮಾರು 9 ಫ್ಯಾರನ್‌ಹೀಟ್, ಅಂದರೆ ಮೈನಸ್ 13 ಸೆಲ್ಸಿಯಸ್, ಅದಕ್ಕೂ ಕೆಳಗೆ ಇಳಿಯುವ ವಾರಗಳಿರುತ್ತವೆ. ಮಗುವಿಗೆ ಬೆರಳು ಬೇರೆ ಬೇರೆ ಇರುವ ಗ್ಲೌಸ್ ಬೇಡ, ಮಿಟನ್ಸ್ ಕೊಡಿಸಿ, ಬೆರಳುಗಳು ಒಂದಕ್ಕೊಂದು ತಾಗಿ ಬೆಚ್ಚಗಿರುತ್ತವೆ. ಸ್ನೋ ಪ್ಯಾಂಟ್ ಮತ್ತು ಬೂಟ್ ಕಡ್ಡಾಯ ಅಂದುಕೊಳ್ಳಿ, ಹಿಮವಿದ್ದರೂ ಶಾಲೆಗಳಲ್ಲಿ ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆ.

ಒಂದು ಮಾತು ದಯವಿಟ್ಟು ಗಮನಿಸಿ: ದಪ್ಪ ಜಾಕೆಟ್ ಹಾಕಿಕೊಂಡೇ ಕಾರ್ ಸೀಟಿನಲ್ಲಿ ಕೂರಿಸಬೇಡಿ. ಡಿಕ್ಕಿಯಾದಾಗ ಜಾಕೆಟ್ಟಿನೊಳಗಿನ ಗಾಳಿ ಅಮುಕಿ ಬೆಲ್ಟ್ ಸಡಿಲವಾಗಿ ಮಗು ಜಾರಿಹೋಗುತ್ತದೆ. ತೆಳ್ಳನೆಯ ಸ್ವೆಟರ್‌ನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಆಮೇಲೆ ಜಾಕೆಟ್ಟನ್ನು ಹಿಂದುಮುಂದಾಗಿ ಮೇಲೆ ಹೊದಿಸಿ.

ಮಗಳಿಗೆ ಮುಂದಿನ ಸೆಪ್ಟೆಂಬರ್ 1ರೊಳಗೆ ಐದು ತುಂಬುವುದರಿಂದ ಕಿಂಡರ್‌ಗಾರ್ಟನ್ ಸಿಗುತ್ತದೆ. ಅದಕ್ಕೆ ಮುಂಚೆ ಶಾಲಾ ಜಿಲ್ಲೆಯವರು ಮಾಡುವ ಅರ್ಲಿ ಚೈಲ್ಡ್‌ಹುಡ್ ಸ್ಕ್ರೀನಿಂಗ್ (ಮಗುವಿನ ಬೆಳವಣಿಗೆಯ ತಪಾಸಣೆ) ಮಾಡಿಸಬೇಕು, ಅದು ಉಚಿತ. ಲಸಿಕೆಯ ಪುಸ್ತಕವನ್ನು ಕೈಚೀಲದಲ್ಲೇ ತನ್ನಿ. ಊರಿನ ಹೆಸರು ನೋಡಿ ಶಾಲೆ ತೀರ್ಮಾನಿಸಬೇಡಿ: ಪ್ಲಿಮತ್ ಒಂದರಲ್ಲೇ ವೈಜೆಟಾ, ರಾಬಿನ್ಸ್‌ಡೇಲ್, ಒಸಿಯೊ, ಹಾಪ್ಕಿನ್ಸ್ ಜಿಲ್ಲೆಗಳು ಸೇರುತ್ತವೆ. ಲೀಸ್‌ಗೆ ಸಹಿ ಹಾಕುವ ಮೊದಲು ಅದೇ ವಿಳಾಸವನ್ನು ಜಿಲ್ಲೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಬೇರೆ ಜಿಲ್ಲೆಯ ಶಾಲೆ ಬೇಕಿದ್ದರೆ ಓಪನ್ ಎನ್‌ರೋಲ್‌ಮೆಂಟ್ ಅರ್ಜಿಗೆ ಜನವರಿ 15 ಕೊನೆ, ನೀವು ಬಂದ ಎರಡೇ ತಿಂಗಳಿಗೆ ಅದು ಬಂದುಬಿಡುತ್ತದೆ.

ಹೊಸ ವಲಸಿಗರು

ತುಂಬಾ ಉಪಕಾರವಾಯಿತು. ಕ್ರೆಡಿಟ್ ಸ್ಕೋರ್ ಇಲ್ಲದೆ ಮನೆ ಕೊಡುತ್ತಾರೆಯೇ?

ನೈಋತ್ಯ ನಿವಾಸಿ

ಕೊಡುತ್ತಾರೆ. ಸಂಬಳ ನಮೂದಿಸಿದ ಆಫರ್ ಲೆಟರ್, ಪಾಸ್‌ಪೋರ್ಟ್, ವೀಸಾ ಪ್ರತಿ ಕೊಡಿ. ಕೆಲವರು ಹೆಚ್ಚು ಡಿಪಾಸಿಟ್ ಕೇಳುತ್ತಾರೆ. ಅರ್ಜಿಗೆ ಶುಲ್ಕ ಕಟ್ಟುವ ಮೊದಲೇ, ಸೋಷಿಯಲ್ ಸೆಕ್ಯುರಿಟಿ ನಂಬರ್ (ಸಂಬಳ, ತೆರಿಗೆಗೆ ಬೇಕಾದ ಸರ್ಕಾರಿ ಸಂಖ್ಯೆ) ಇಲ್ಲದವರನ್ನು ಪರಿಗಣಿಸುತ್ತೀರಾ ಎಂದು ಇಮೇಲ್‌ನಲ್ಲಿ ಕೇಳಿ. ಆ ನಂಬರಿಗೆ ದೇಶಕ್ಕೆ ಬಂದು ಹತ್ತು ದಿನ ಕಳೆದ ಮೇಲೆ ಅರ್ಜಿ ಹಾಕಿ, ಅಷ್ಟರಲ್ಲಿ ನಿಮ್ಮ ದಾಖಲೆ ಅವರ ಸಿಸ್ಟಮ್‌ನಲ್ಲಿ ಕಾಣುತ್ತದೆ. ಅವಸರಪಟ್ಟು ಎರಡನೇ ದಿನವೇ ಹೋದರೆ ದಾಖಲೆ ಸಿಗದೆ ಅರ್ಜಿ ತಡವಾಗುವ ಸಾಧ್ಯತೆಯೇ ಹೆಚ್ಚು.