ಫ್ಲೈಟ್ ಮೋಡ್‌ನಲ್ಲಿ ತೆರೆಯುವ ಪುಟ ಮೆಟ್ರೊ ಸುರಂಗದಲ್ಲಿ ಬರೀ ಬಿಳಿ: ಸರ್ವಿಸ್ ವರ್ಕರ್‌ನಲ್ಲಿ ಎಲ್ಲಿ ತಪ್ಪಿದೆ?

ಸುರಂಗಯಾತ್ರಿ

ಓದಬೇಕೆಂದು ಎತ್ತಿಟ್ಟ ಲೇಖನಗಳನ್ನು ಮೆಟ್ರೊದಲ್ಲಿ ಓದಲು ಮಾಡಿದ ಸಣ್ಣ ವೆಬ್ ಆ್ಯಪ್ ಇದು. ಫ್ರೇಮ್‌ವರ್ಕ್ ಇಲ್ಲ, ಸರ್ವಿಸ್ ವರ್ಕರ್ (ಪುಟಕ್ಕೂ ನೆಟ್‌ವರ್ಕ್‌ಗೂ ನಡುವೆ ನಿಂತು ರಿಕ್ವೆಸ್ಟ್‌ಗಳಿಗೆ ಉತ್ತರ ಕೊಡುವ ಸ್ಕ್ರಿಪ್ಟ್) ಕೈಯಲ್ಲೇ ಬರೆದದ್ದು. ಒಳಗೆ 180 ಲೇಖನ, ಒಂದೊಂದಕ್ಕೂ ಮೂಲ ಸೈಟಿನಿಂದಲೇ ಬರುವ ಥಂಬ್‌ನೇಲ್. ಪುಟಗಳಿಗೆ ನೆಟ್‌ವರ್ಕ್ ಫಸ್ಟ್: ಮೊದಲು ಫೆಚ್ (ನೆಟ್‌ವರ್ಕ್‌ನಿಂದ ತರುವುದು), ಅದು ಸೋತರೆ ಕ್ಯಾಶ್ (ಫೋನಿನಲ್ಲಿ ಉಳಿಸಿಟ್ಟ ಪ್ರತಿ). ಬಿಲ್ಡ್ ಸ್ಕ್ರಿಪ್ಟ್ ಎಲ್ಲ ಫೈಲ್ ಹೆಸರಿಗೂ ಹ್ಯಾಶ್ (ಫೈಲಿನ ಒಳಗು ಬದಲಾದರೆ ತಾನೂ ಬದಲಾಗುವ ಗುರುತು) ಅಂಟಿಸುತ್ತದೆ, ಸರ್ವಿಸ್ ವರ್ಕರ್ ಫೈಲಿಗೂ.

ತೊಂದರೆ ಒಂದೆರಡಲ್ಲ:

ಫ್ಲೈಟ್ ಮೋಡ್ ಹಾಕಿದರೆ ಎಲ್ಲ ಸರಿ. ರೈಲು ಸುರಂಗಕ್ಕೆ ಇಳಿದರೆ ಬಿಳಿ ಪರದೆ, ಕೆಲವೊಮ್ಮೆ ಅರ್ಧ ಲೇಖನ ಬಂದು ನಿಲ್ಲುತ್ತದೆ.

ಸರ್ವಿಸ್ ವರ್ಕರ್‌ನಲ್ಲಿ ಮಾಡಿದ ಬದಲಾವಣೆ ಎಷ್ಟು ರಿಫ್ರೆಶ್ ಮಾಡಿದರೂ ಜಾರಿಗೆ ಬರುವುದಿಲ್ಲ.

ಪುಟ ಬಂದರೂ ಸುಮಾರು ಮೂರು ಸೆಕೆಂಡ್ ಅಕ್ಷರ ಕಾಣುವುದಿಲ್ಲ. ಗಾತ್ರ ಇಳಿಸಲು ಫಾಂಟ್ ಕತ್ತರಿಸಿದ ಮೇಲೆ ಒತ್ತಕ್ಷರಗಳೂ ಒಡೆದಿವೆ.

ಕ್ರೋಮ್‌ನಲ್ಲಿ ಸ್ಟೋರೇಜ್ ಬಳಕೆ 1.2 ಜಿಬಿಗೂ ಮೇಲೆ ತೋರಿಸುತ್ತಿದೆ, ಚಿತ್ರಗಳೆಲ್ಲ ಸೇರಿ 6 ಎಂಬಿ ಇಲ್ಲ. ಐಫೋನ್‌ನಲ್ಲಿ ಇದಕ್ಕೆ ಉಲ್ಟಾ: ಕೆಲವು ದಿನ ತೆರೆಯದಿದ್ದರೆ ಉಳಿಸಿದ್ದೆಲ್ಲ ಮಾಯ.

ಅರೆವಿರಾಮ

ಮೊದಲನೆಯದಕ್ಕೆ ಮಾತ್ರ ಹೇಳ್ತೀನಿ, ಅದೇ ಉದ್ದ ಇದೆ.

ನಿಮಗೆ ಮೋಸ ಮಾಡಿರೋದು ಫ್ಲೈಟ್ ಮೋಡ್. ಅಲ್ಲಿ ನೆಟ್‌ವರ್ಕ್ ಇಲ್ಲ ಅಂತ ಬ್ರೌಸರ್‌ಗೆ ಖಚಿತವಾಗಿ ಗೊತ್ತು. ಫೆಚ್ ಕೂಡಲೇ ಟೈಪ್‌ಎರರ್ ಎಸೆಯುತ್ತೆ, ನಿಮ್ಮ ಕ್ಯಾಶ್ ದಾರಿ ಓಡುತ್ತೆ. ಸುರಂಗದಲ್ಲಿ ಹಾಗಲ್ಲ. ಫೋನು ಟವರಿನ ಕೈ ಪೂರ್ತಿ ಬಿಟ್ಟಿರಲ್ಲ, ಒಂದು ಕಡ್ಡಿ ಸಿಗ್ನಲ್ ತೋರಿಸ್ತಾ ಇರುತ್ತೆ, ಹೋದ ಪ್ಯಾಕೆಟ್‌ಗೆ ಉತ್ತರ ಮಾತ್ರ ಬರಲ್ಲ. ಫೆಚ್‌ಗೆ ತಾನಾಗಿ ಇಷ್ಟು ಹೊತ್ತಿಗೆ ಕೈಬಿಡಬೇಕು ಅನ್ನೋ ನಿಯಮ ಇಲ್ಲ, ಅದು ಕಾಯ್ತಾ ಕೂರುತ್ತೆ. ಸೋಲದ ಫೆಚ್‌ಗೆ ಕ್ಯಾಚ್ (ಸೋತಾಗ ಓಡೋ ಕೋಡ್) ಎಲ್ಲಿಂದ ಓಡಬೇಕು? ನೆಟ್ ಇದೆಯಾ ಅಂತ ಹೇಳೋ ನ್ಯಾವಿಗೇಟರ್.ಆನ್‌ಲೈನ್ ಕೇಳಿ ಪ್ರಯೋಜನ ಇಲ್ಲ. ಅದು ‘ಫಾಲ್ಸ್’ ಅಂದರೆ ನಂಬಬಹುದು, ‘ಟ್ರೂ’ ಅಂದರೆ ಏನೂ ಹೇಳಿದ ಹಾಗಲ್ಲ.

ಲೇಖನದ ಪುಟಕ್ಕೆ ನೆಟ್‌ವರ್ಕ್ ಫಸ್ಟ್ ಬೇಡವೇ ಬೇಡ. ಒಮ್ಮೆ ಉಳಿಸಿದ ಲೇಖನ ಬದಲಾಗಲ್ಲ, ಕ್ಯಾಶ್ ಫಸ್ಟ್ ಹಾಕಿ. ಪಟ್ಟಿಯ ಪುಟಕ್ಕೆ ಮಾತ್ರ ಹೊಸದು ಬೇಕು. ಅಲ್ಲಿ ಫೆಚ್ ಮತ್ತು 2.5 ಸೆಕೆಂಡಿನ ಟೈಮರ್ ಎರಡನ್ನೂ ಪ್ರಾಮಿಸ್.ರೇಸ್‌ಗೆ (ಮೊದಲು ಮುಗಿದದ್ದೇ ಗೆಲ್ಲುತ್ತೆ) ಬಿಡಿ. ಟೈಮರ್ ಗೆದ್ದರೆ ಕ್ಯಾಶ್ ಕೊಡಿ. ಆದರೆ ಫೆಚ್ ಅನ್ನು ಅಬಾರ್ಟ್ ಮಾಡಬೇಡಿ, ಅಂದರೆ ನಡುವೆ ಕಡಿಯಬೇಡಿ. ವೇಟ್‌ಅಂಟಿಲ್ (ಕೆಲಸ ಮುಗಿಯೋವರೆಗೆ ವರ್ಕರನ್ನು ಎಚ್ಚರ ಇಡೋ ಕರೆ) ಒಳಗೆ ಇಟ್ಟು ಅದು ಮುಗಿದಾಗ ಕ್ಯಾಶ್‌ಗೆ ಬರೆಯಲು ಬಿಡಿ. ಅಬಾರ್ಟ್ ಮಾಡಿದರೆ ಮೂರು ಸೆಕೆಂಡ್ ತೆಗೆದುಕೊಳ್ಳೋ ನಿಧಾನದ ನೆಟ್‌ವರ್ಕ್‌ನಲ್ಲಿ ಪಟ್ಟಿ ಎಂದೆಂದಿಗೂ ಹಳೆಯದಾಗೇ ಉಳಿಯುತ್ತೆ.

ಅರ್ಧ ಲೇಖನದ ಗುಟ್ಟು ಬೇರೆ. ಫೆಚ್‌ನ ಪ್ರಾಮಿಸ್ ಈಡೇರೋದು ಹೆಡರ್ ಬಂದ ಗಳಿಗೆಗೆ. ಬಾಡಿ, ಅಂದರೆ ಪುಟದ ನಿಜವಾದ ವಿಷಯ, ಇನ್ನೂ ದಾರಿಯಲ್ಲಿರುತ್ತೆ. ಹೆಡರ್ ಪ್ಲಾಟ್‌ಫಾರ್ಮ್‌ನಲ್ಲಿ ಬಂತು, ಬಾಡಿ ಸುರಂಗದಲ್ಲಿ ಸಿಕ್ಕಿಕೊಂಡಿತು ಅಂದರೆ ರೇಸ್‌ನಲ್ಲಿ ಫೆಚ್ ಗೆದ್ದಾಗಿದೆ, ಟೈಮರ್ ಏನೂ ಮಾಡಲಾರದು. ಆದ್ದರಿಂದ ರೆಸ್ಪಾನ್ಸ್‌ನ ಬ್ಲಾಬ್ (ಬಾಡಿಯ ಎಲ್ಲ ಬೈಟ್‌ಗಳ ಗಂಟು) ಪೂರ್ತಿ ಓದಿ ಮುಗಿಸೋದನ್ನೂ ರೇಸ್ ಒಳಗೇ ತನ್ನಿ, ಆಮೇಲೆ ಅದರಿಂದ ಹೊಸ ರೆಸ್ಪಾನ್ಸ್ ಕಟ್ಟಿ ಕೊಡಿ. ಸ್ಟ್ರೀಮ್ ಆಗಿ ಬರೋ ಅನುಕೂಲ ಹೋಗುತ್ತೆ. 40 ಕೆಬಿ ಪುಟಕ್ಕೆ ಅದು ನಷ್ಟವೇ ಅಲ್ಲ. ಕ್ಯಾಶ್ ಕೆಡುತ್ತೆ ಅನ್ನೋ ಭಯ ಬೇಡ: ಬಾಡಿ ನಡುವೆ ಕಡಿದರೆ ಕ್ಯಾಶ್.ಪುಟ್ ರಿಜೆಕ್ಟ್ ಆಗುತ್ತೆ, ಅರ್ಧ ಪುಟ ಉಳಿಯಲ್ಲ.

ಇನ್ನೊಂದು. ಕ್ಯಾಶ್‌ನಲ್ಲಿ ಸಿಗದಿದ್ದರೆ ಅಲ್ಲಿ ಹುಡುಕೋ ಮ್ಯಾಚ್ ಎರರ್ ಕೊಡಲ್ಲ, ‘ಅನ್‌ಡಿಫೈನ್ಡ್’ ಕೊಡುತ್ತೆ. ಅದನ್ನೇ ಪುಟಕ್ಕೆ ಉತ್ತರ ಕೊಡೋ ರೆಸ್ಪಾಂಡ್‌ವಿತ್‌ಗೆ ಕೊಟ್ಟರೆ ನೆಟ್‌ವರ್ಕ್ ಎರರ್. ಕೊನೆಗೆ ಒಂದು ಆಫ್‌ಲೈನ್ ಪುಟ ಇರಲೇಬೇಕು.

ಪರೀಕ್ಷೆಗೆ ಬ್ರೌಸರ್‌ನ ಡೆವಲಪರ್ ಸಾಧನ ಡೆವ್‌ಟೂಲ್ಸ್‌ನ ‘ಆಫ್‌ಲೈನ್’ ಬೇಡ, ಅದೂ ಫ್ಲೈಟ್ ಮೋಡ್‌ನ ತಮ್ಮನೇ. ನಿಮ್ಮ ಡೆವಲಪ್‌ಮೆಂಟ್ ಸರ್ವರ್‌ಗೆ ಎರಡು ಸ್ವಿಚ್ ಹಾಕಿ: ಒಂದು, ರಿಕ್ವೆಸ್ಟ್ ಬಂದರೆ 60 ಸೆಕೆಂಡ್ ಬಾಯಿಮುಚ್ಚಿಕೊಂಡಿರೋದು, ಇನ್ನೊಂದು, ಹೆಡರ್ ಮತ್ತು ಅರ್ಧ ಬಾಡಿ ಕಳಿಸಿ 60 ಸೆಕೆಂಡ್ ನಿಲ್ಲೋದು. ಫೋನಿನಲ್ಲಿ ನೋಡಲು ಯುಎಸ್‌ಬಿ ಹಾಕಿ ಕ್ರೋಮ್‌ನ ಪೋರ್ಟ್ ಫಾರ್ವರ್ಡಿಂಗ್ ಬಳಸಿ, ಆಗ ಫೋನಿನಲ್ಲಿ ಲೋಕಲ್‌ಹೋಸ್ಟ್ ಅಂದರೆ ನಿಮ್ಮ ಕಂಪ್ಯೂಟರ್‌ಗೇ ಹೋಗುತ್ತೆ. ಲೋಕಲ್‌ಹೋಸ್ಟ್‌ಗೆ ಎಚ್‌ಟಿಟಿಪಿಎಸ್ ವಿನಾಯಿತಿ ಇದೆ, 192.168 ಅಂತ ಶುರುವಾಗೋ ವಿಳಾಸಕ್ಕೆ ಇಲ್ಲ; ಅಲ್ಲಿ ಸರ್ವಿಸ್ ವರ್ಕರ್ ನೋಂದಣಿಯೇ ಆಗಲ್ಲ.

ಹಳೇಪುಟ

ಕ್ಯಾಶ್ ಫಸ್ಟ್‌ಗೆ ಹೋಗುವ ಮುನ್ನ ಸರ್ವಿಸ್ ವರ್ಕರ್ ಫೈಲ್ ಹೆಸರಿನಿಂದ ಹ್ಯಾಶ್ ಕಿತ್ತುಹಾಕಿ. ಈಗ ನೆಟ್‌ವರ್ಕ್ ಫಸ್ಟ್ ಇರುವುದರಿಂದ ಬಚಾವಾಗಿದ್ದೀರಿ. ಎಚ್‌ಟಿಎಂಎಲ್ ಕ್ಯಾಶ್‌ನಿಂದಲೇ ಬರತೊಡಗಿದರೆ ಹಳೇ ಪುಟ ಹಳೇ ಹೆಸರಿನ ವರ್ಕರನ್ನೇ ಕರೆಯುತ್ತದೆ, ಆ ವರ್ಕರ್ ಹಳೇ ಪುಟವನ್ನೇ ಕೊಡುತ್ತದೆ. ಹಾವು ತನ್ನ ಬಾಲ ತಾನೇ ನುಂಗಿದ ಹಾಗೆ. ಬಳಕೆದಾರ ಸೈಟ್ ಡೇಟಾ ಅಳಿಸುವವರೆಗೂ ಬಿಡುಗಡೆ ಇಲ್ಲ. ಹೆಸರು ಸ್ಥಿರವಾಗಿರಲಿ, ಬದಲಾವಣೆಯನ್ನು ಬ್ರೌಸರ್ ಬೈಟಿಗೆ ಬೈಟ್ ಹೋಲಿಸಿ ತಾನೇ ಪತ್ತೆ ಹಚ್ಚುತ್ತದೆ. ಈ ಹೋಲಿಕೆಗೆ ಕ್ರೋಮ್ 68ರಿಂದ, ಅಂದರೆ 2018ರಿಂದ, ಎಚ್‌ಟಿಟಿಪಿ ಕ್ಯಾಶ್ (ಬ್ರೌಸರ್ ತಾನಾಗಿ ಇಟ್ಟುಕೊಳ್ಳುವ ಬೇರೆ ಕ್ಯಾಶ್) ಅಡ್ಡ ಬರುವುದಿಲ್ಲ. ವರ್ಕರ್ ಒಳಗೆ ಇಂಪೋರ್ಟ್‌ಸ್ಕ್ರಿಪ್ಟ್ಸ್‌ನಿಂದ ಎಳೆದ ಫೈಲುಗಳಿಗೆ ಮಾತ್ರ ಡಿಫಾಲ್ಟ್ ಆಗಿ ಇನ್ನೂ ಬರುತ್ತದೆ.

ರಿಫ್ರೆಶ್ ಮಾಡಿದರೂ ಜಾರಿಗೆ ಬರದಿರುವುದು ದೋಷವಲ್ಲ, ವಿನ್ಯಾಸವೇ ಹಾಗೆ. ಹೊಸ ವರ್ಕರ್ ಇನ್‌ಸ್ಟಾಲ್ ಆಗಿ ‘ವೇಟಿಂಗ್’ನಲ್ಲಿ ನಿಲ್ಲುತ್ತದೆ, ಹಳೆಯದರ ಕೈಕೆಳಗಿನ ಎಲ್ಲ ಟ್ಯಾಬ್ ಮುಚ್ಚಬೇಕು. ರಿಫ್ರೆಶ್‌ನಲ್ಲಿ ಹೊಸ ಉತ್ತರ ಬರುವ ತನಕ ಹಳೇ ಪುಟ ಜೀವಂತ ಇರುತ್ತದೆ, ಹಾಗಾಗಿ ‘ಎಲ್ಲ ಮುಚ್ಚಿದ’ ಗಳಿಗೆ ಬರುವುದೇ ಇಲ್ಲ. ಇನ್‌ಸ್ಟಾಲ್‌ನಲ್ಲೇ ಸ್ಕಿಪ್‌ವೇಟಿಂಗ್ (ಕಾಯದೆ ಹೊಸ ವರ್ಕರ್ ಕೆಲಸ ವಹಿಸಿಕೊಳ್ಳುವುದು) ಕರೆಯುವ ಸಲಹೆ ಎಲ್ಲೆಡೆ ಸಿಗುತ್ತದೆ, ನಾನು ಒಪ್ಪುವುದಿಲ್ಲ. ತೆರೆದಿರುವ ಹಳೇ ಪುಟ ಆಮೇಲೆ ಒಂದು ಹಳೇ ಹ್ಯಾಶ್‌ನ ಸ್ಕ್ರಿಪ್ಟ್ ಕೇಳಿದಾಗ ಹೊಸ ವರ್ಕರ್ ಆ ಕ್ಯಾಶನ್ನು ಅಳಿಸಿರುತ್ತದೆ, ಸರ್ವರ್‌ನಲ್ಲೂ ಫೈಲ್ ಇರುವುದಿಲ್ಲ. ‘ಹೊಸ ಆವೃತ್ತಿ ಸಿದ್ಧ’ ಎಂಬ ಬಟನ್ ತೋರಿಸಿ. ಒತ್ತಿದಾಗ ವರ್ಕರ್‌ಗೆ ಪೋಸ್ಟ್‌ಮೆಸೇಜ್‌ನಿಂದ ಸಂದೇಶ, ಅಲ್ಲಿ ಸ್ಕಿಪ್‌ವೇಟಿಂಗ್, ಪುಟದಲ್ಲಿ ಕಂಟ್ರೋಲರ್‌ಚೇಂಜ್ (ವರ್ಕರ್ ಬದಲಾಯಿತೆಂಬ ಇವೆಂಟ್) ಬಂದ ಮೇಲೆ ಒಂದೇ ಸಲ ರಿಲೋಡ್. ಆ ‘ಒಂದೇ ಸಲ’ಕ್ಕೆ ಒಂದು ಫ್ಲ್ಯಾಗ್ ಇಡದಿದ್ದರೆ ರಿಲೋಡ್ ಗಿರಕಿ ಹೊಡೆಯಬಹುದು.

ಇನ್‌ಸ್ಟಾಲ್‌ನಲ್ಲಿ ಇಡೀ ಫೈಲ್ ಪಟ್ಟಿಯನ್ನು ಕ್ಯಾಶ್‌ಗೆ ತುಂಬುವ ಆ್ಯಡ್‌ಆಲ್ ಬಳಸುತ್ತಿದ್ದರೆ ಮೂರು ಕಡೆ ಕಾಲು ಜಾರುತ್ತದೆ. ಪಟ್ಟಿಯಲ್ಲಿ ಒಂದು ಫೈಲ್ 404 ಆದರೂ ಇಡೀ ಇನ್‌ಸ್ಟಾಲ್ ಬಿದ್ದುಹೋಗುತ್ತದೆ, ಸದ್ದಿಲ್ಲದೆ. ಅದು ಎಚ್‌ಟಿಟಿಪಿ ಕ್ಯಾಶ್ ಮೂಲಕವೇ ಹೋಗುವುದರಿಂದ ಹೊಸ ವರ್ಕರ್ ಹಳೇ ಫೈಲನ್ನು ಎತ್ತಿಟ್ಟುಕೊಳ್ಳಬಹುದು; ರಿಕ್ವೆಸ್ಟ್‌ಗೆ ಕ್ಯಾಶ್ ಆಯ್ಕೆ ‘ರಿಲೋಡ್’ ಎಂದು ಕೊಡಿ. ಇನ್ನು ವಿಳಾಸದ ಕೊನೆಯ ಓರೆಗೆರೆ (/): ಸರ್ವರ್ ‘ಲಿಸ್ಟ್’ ವಿಳಾಸವನ್ನು ‘ಲಿಸ್ಟ್/’ಗೆ ರೀಡೈರೆಕ್ಟ್ ಮಾಡುತ್ತಿದ್ದರೆ ಉಳಿದ ರೆಸ್ಪಾನ್ಸ್‌ಗೆ ರೀಡೈರೆಕ್ಟ್ ಆದ ಗುರುತು ಅಂಟಿಕೊಂಡಿರುತ್ತದೆ. ನ್ಯಾವಿಗೇಷನ್‌ಗೆ ಅದನ್ನು ಕೊಟ್ಟರೆ ಬ್ರೌಸರ್ ತಿರಸ್ಕರಿಸುತ್ತದೆ. ಕೊನೆಯ ವಿಳಾಸವನ್ನೇ ಪಟ್ಟಿಗೆ ಹಾಕಿ.

ಒತ್ತಕ್ಷರ

ಫಾಂಟ್ ವಿಷಯ. ಮೂರು ಸೆಕೆಂಡ್ ಎಂದು ಸರಿಯಾಗಿಯೇ ಎಣಿಸಿದ್ದೀರಿ. ಸಿಎಸ್‌ಎಸ್‌ನ ಫಾಂಟ್-ಡಿಸ್‌ಪ್ಲೇ ‘ಬ್ಲಾಕ್’ ಇದ್ದರೆ, ಅಥವಾ ಏನೂ ಹೇಳದಿದ್ದರೆ, ಫಾಂಟಿಗಾಗಿ ಬ್ರೌಸರ್ ಸುಮಾರು ಅಷ್ಟು ಹೊತ್ತು ಅಕ್ಷರ ಅಡಗಿಸಿಡುತ್ತದೆ. ‘ಸ್ವಾಪ್’ ಹಾಕಿ (ಫಾಂಟ್ ಬರುವವರೆಗೆ ಬೇರೆ ಫಾಂಟಿನಲ್ಲಿ ತೋರಿಸುತ್ತದೆ), ಡಬ್ಲ್ಯೂಒಎಫ್‌ಎಫ್2 ಫಾಂಟ್ ಫೈಲನ್ನು ನಿಮ್ಮ ಡೊಮೇನ್‌ನಲ್ಲೇ ಇಟ್ಟು ಇನ್‌ಸ್ಟಾಲ್ ಪಟ್ಟಿಗೆ ಸೇರಿಸಿ.

ಒತ್ತು ಒಡೆಯುವುದು ಕತ್ತರಿಯ ತಪ್ಪು. ಕನ್ನಡಕ್ಕೆ ಅಕ್ಷರದ ಚಿತ್ರಗಳಷ್ಟೇ ಸಾಲದು, ಅವು ಹೇಗೆ ಕೂಡಬೇಕೆಂಬ ನಿಯಮ ಜಿಸಬ್ ಮತ್ತು ಜಿಪಾಸ್ ಕೋಷ್ಟಕಗಳಲ್ಲಿರುತ್ತದೆ. ಅವು ಹೋದರೆ ‘ಸ್ತ್ರೀ’ ಎಂಬುದು ‘ಸ್‌ತ್‌ರೀ’ ಆಗಿ ಸಾಲಾಗಿ ನಿಲ್ಲುತ್ತದೆ. ಕತ್ತರಿಸಲು ಫಾಂಟ್‌ಟೂಲ್ಸ್‌ನ ಪೈಎಫ್‌ಟಿಸಬ್‌ಸೆಟ್ ಬಳಸುತ್ತಿದ್ದರೆ ಲೇಔಟ್-ಫೀಚರ್ಸ್‌ಗೆ ನಕ್ಷತ್ರ ಚಿಹ್ನೆ ಕೊಡಿ, ಎಲ್ಲ ಉಳಿಯುತ್ತವೆ. ಯೂನಿಕೋಡ್ ವ್ಯಾಪ್ತಿಗೆ ಕನ್ನಡ ಬ್ಲಾಕ್ ಜೊತೆಗೆ 200ಸಿ, 200ಡಿ, ದಂಡಗಳಿಗೆ 0964 ಮತ್ತು 0965, ಚುಕ್ಕಿವೃತ್ತಕ್ಕೆ 25ಸಿಸಿ ಇರಲಿ.

ಆ 200ಸಿ ಮತ್ತು 200ಡಿ ಕಣ್ಣಿಗೆ ಕಾಣದ ಅಕ್ಷರಗಳು. ಲೇಖನ ಉಳಿಸುವಾಗ ‘ಅನಗತ್ಯ ಅಕ್ಷರ’ ತೆಗೆಯುವ ಸ್ಕ್ರಿಪ್ಟ್ ಇದ್ದರೆ ಅದು ಮೊದಲು ಬಲಿ ಹಾಕುವುದು ಇವನ್ನೇ. 200ಸಿ ಹೋದರೆ ‘ಕ್ಯಾಶ್‌ನಲ್ಲಿ’ ಎಂಬುದು ‘ಕ್ಯಾಶ್ನಲ್ಲಿ’ ಆಗುತ್ತದೆ. 200ಡಿ ಹೋದರೆ ‘ರ‍್ಯಾಂಕ್’ ಎಂಬುದು ಅರ್ಕಾವೊತ್ತು ಹೊತ್ತು ‘ರ್ಯಾಂಕ್’ ಆಗುತ್ತದೆ. ಫಾಂಟ್ ಎಷ್ಟು ಸರಿಯಿದ್ದರೂ ಇದು ಸರಿಹೋಗದು, ಪಠ್ಯವೇ ಕೆಟ್ಟಿರುತ್ತದೆ. ಈ ನಾಲ್ಕು ಪದಗಳನ್ನು ಒಂದು ಪರೀಕ್ಷಾ ಪುಟದಲ್ಲಿಡಿ: ಸ್ತ್ರೀ, ಲಕ್ಷ್ಮಿ, ಕ್ಯಾಶ್‌ನಲ್ಲಿ, ರ‍್ಯಾಂಕ್.

ಕಡತಕೋಶ

1.2 ಜಿಬಿ ಲೆಕ್ಕ ಸುಲಭ. ಬೇರೆ ಡೊಮೇನಿನ ಚಿತ್ರವನ್ನು ಸಿಒಆರ್‌ಎಸ್ (ಓದಲು ಆ ಡೊಮೇನ್ ಕೊಡುವ ಅನುಮತಿ) ಇಲ್ಲದೆ ತಂದರೆ ಸಿಗುವುದು ಒಪೇಕ್ ರೆಸ್ಪಾನ್ಸ್, ಅಂದರೆ ಒಳಗೇನಿದೆ ಎಂದು ಸ್ಕ್ರಿಪ್ಟ್‌ಗೆ ಕಾಣದ ಉತ್ತರ. ಅದರ ನಿಜವಾದ ಗಾತ್ರ ಹೊರಗೆ ಸೋರದಿರಲಿ ಎಂದು ಕ್ರೋಮ್ ಪ್ರತಿಯೊಂದಕ್ಕೂ ಸರಾಸರಿ 7 ಎಂಬಿ ಸುಮಾರಿಗೆ ಹೆಚ್ಚುವರಿ ಲೆಕ್ಕ ಹಾಕುತ್ತದೆ. 180ನ್ನು 7ರಿಂದ ಗುಣಿಸಿ, 1260 ಎಂಬಿ. ಡಿಸ್ಕ್‌ನಲ್ಲಿ ಅಷ್ಟು ಜಾಗ ಹೋಗಿಲ್ಲ, ಬ್ರೌಸರ್ ನಿಮ್ಮ ಸೈಟಿಗೆ ಕೊಟ್ಟ ಕೋಟಾ ಮಾತ್ರ ಹೋಗಿದೆ. ಒಪೇಕ್‌ನಲ್ಲಿ ಸ್ಟೇಟಸ್ ಯಾವಾಗಲೂ 0 ಕಾಣುವುದರಿಂದ 404 ಪುಟವನ್ನೂ ಚಿತ್ರವೆಂದು ಉಳಿಸಿಬಿಡುತ್ತೀರಿ. ಲೇಖನ ಉಳಿಸುವಾಗಲೇ ನಿಮ್ಮ ಸರ್ವರ್ ಚಿತ್ರ ತಂದು, ಕಿರಿದು ಮಾಡಿ, ತನ್ನ ವಿಳಾಸದಿಂದ ಕೊಡಲಿ.

ಐಫೋನ್‌ನಲ್ಲಿ ಮಾಯವಾಗುವುದು ಸಫಾರಿಯ ನೀತಿ, 2020ರ ಐಒಎಸ್ 13.4ರಿಂದ ಇದೆ. ಸಫಾರಿ ಬಳಸಿದ 7 ದಿನಗಳಲ್ಲಿ ನಿಮ್ಮ ಸೈಟನ್ನು ಮುಟ್ಟದಿದ್ದರೆ ಸ್ಕ್ರಿಪ್ಟ್ ಬರೆದ ಸ್ಟೋರೇಜ್ ಅಳಿಯುತ್ತದೆ, ಸರ್ವಿಸ್ ವರ್ಕರ್ ಸಮೇತ. ಎಣಿಕೆ ಕ್ಯಾಲೆಂಡರ್ ದಿನಗಳದ್ದಲ್ಲ, ಬ್ರೌಸರ್ ಬಳಸಿದ ದಿನಗಳದ್ದು. ಹೋಮ್ ಸ್ಕ್ರೀನ್‌ಗೆ ಸೇರಿಸಿದ ಆ್ಯಪ್‌ನ ಎಣಿಕೆ ಬೇರೆ, ಅದನ್ನು ತೆರೆದಾಗಲೆಲ್ಲ ಹೊಸದಾಗಿ ಶುರು. ಆದರೆ ಅದರ ಇಂಡೆಕ್ಸ್‌ಡ್‌ಡಿಬಿ (ಬ್ರೌಸರ್ ಒಳಗಿನ ಡೇಟಾಬೇಸ್) ಸಫಾರಿ ಟ್ಯಾಬಿನದ್ದಲ್ಲ, ಸೇರಿಸಿದ ಮೇಲೆ ಲೇಖನಗಳನ್ನು ಮತ್ತೆ ತುಂಬಿಸಬೇಕು.

ಸುರಂಗಯಾತ್ರಿ

ವರ್ಕರ್‌ನ ಹ್ಯಾಶ್ ತೆಗೆದೆ, ಬ್ಲಾಬ್ ರೇಸ್ ಹಾಕಿದೆ. ಸರ್ವರ್‌ನ ಎರಡೂ ಸ್ವಿಚ್‌ನಲ್ಲಿ ಪುಟ 2.5 ಸೆಕೆಂಡ್ ಒಳಗೆ ಬರುತ್ತಿದೆ. ಸುರಂಗದಲ್ಲಿ ‘ಓದಿದೆ’ ಎಂದು ಒತ್ತಿದ್ದನ್ನು ಸರ್ವರ್‌ಗೆ ಮುಟ್ಟಿಸಲು ಬ್ಯಾಕ್‌ಗ್ರೌಂಡ್ ಸಿಂಕ್ (ನೆಟ್ ಮರಳಿದಾಗ ಬ್ರೌಸರ್ ವರ್ಕರನ್ನು ಎಬ್ಬಿಸುವ ಸೌಲಭ್ಯ) ಸಾಕೇ?

ಹಳೇಪುಟ

ಕ್ರೋಮ್ ಬಳಗಕ್ಕೆ ಸಾಕು, ಸಫಾರಿಯಲ್ಲಿ ಅದು ಇಲ್ಲ. ಒತ್ತಿದ್ದನ್ನು ಮೊದಲು ಇಂಡೆಕ್ಸ್‌ಡ್‌ಡಿಬಿಯಲ್ಲಿ ಸಾಲಿಗೆ ಹಾಕಿ, ಪ್ರತಿಯೊಂದಕ್ಕೂ ರ‍್ಯಾಂಡಮ್‌ಯುಯುಐಡಿಯಿಂದ ಇನ್ನೊಂದಕ್ಕೆ ಬರದಂಥ ಒಂದು ಗುರುತು ಕೊಡಿ. ಆ್ಯಪ್ ತೆರೆದಾಗ, ಪುಟ ಮತ್ತೆ ಕಣ್ಣೆದುರಿಗೆ ಬಂದಾಗ, ‘ಆನ್‌ಲೈನ್’ ಇವೆಂಟ್ ಬಂದಾಗ, ಮೂರೂ ಸಲ ಸಾಲು ಖಾಲಿ ಮಾಡಲು ನೋಡಿ. ಸರ್ವರ್ 200 ಅಂದ ಮೇಲಷ್ಟೇ ಸಾಲಿನಿಂದ ತೆಗೆಯಿರಿ. ರಿಕ್ವೆಸ್ಟ್ ಮುಟ್ಟಿ, ಉತ್ತರ ಸುರಂಗದಲ್ಲಿ ಕಳೆದುಹೋದರೆ ಅದೇ ಗುರುತು ಎರಡನೇ ಸಲ ಬರುತ್ತದೆ. ಸರ್ವರ್ ಅದನ್ನು ನೋಡಿ ಸುಮ್ಮನೆ ಇನ್ನೊಂದು 200 ಕೊಟ್ಟರೆ ಆಯಿತು.