ಸಹಾಯ ಬೇಕು: ಮಳೆ ನಿಂತ ಮೇಲೂ ‘ಹ್ಯಾಸ್ ಬೀನ್ ರೇನಿಂಗ್’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕಲಿಯಲು ದಿನಾ ಮಳೆ, ಬಿಸಿಲು, ಚಳಿ ಬಗ್ಗೆ ನಾಲ್ಕು ಸಾಲು ಬರೆಯುತ್ತಿದ್ದೇನೆ. ಡ್ರಿಜಲ್, ಹ್ಯೂಮಿಡ್, ಬ್ರೀಜ್ ಥರದ ಪದಗಳು ಸಲೀಸಾಗಿ ಬಂದವು. ತಲೆನೋವು ಟೆನ್ಸ್‌ನದ್ದು.

ನಿನ್ನೆಯ ಮಳೆಗೆ ‘ಇಟ್ ರೇನ್ಡ್ ಯೆಸ್ಟರ್‌ಡೇ’. ಬೆಳಗ್ಗೆಯಿಂದ ಸುರೀತಾನೇ ಇದ್ದರೆ ‘ಇಟ್ ಹ್ಯಾಸ್ ಬೀನ್ ರೇನಿಂಗ್ ಸಿನ್ಸ್ ದಿಸ್ ಮಾರ್ನಿಂಗ್’. ಇಲ್ಲಿ ‘ಇಟ್ ಈಸ್ ರೇನಿಂಗ್’ ಬರಲ್ಲ ಅನ್ನೋದೂ ಗೊತ್ತು. ಇಷ್ಟರವರೆಗೆ ಸರಿ ಅಲ್ವಾ?

ಈಗ ಮಳೆ ಆಗಷ್ಟೇ ನಿಂತಿದೆ, ನೆಲ ಇನ್ನೂ ಒದ್ದೆ ಇದೆ ಅಂದುಕೊಳ್ಳಿ. ಆಗ ‘ಇಟ್ ಹ್ಯಾಸ್ ರೇನ್ಡ್’ ಸರಿನಾ, ‘ಇಟ್ ಹ್ಯಾಸ್ ಬೀನ್ ರೇನಿಂಗ್’ ಸರಿನಾ? ವ್ಯಾಕರಣ ಪುಸ್ತಕದಲ್ಲಿ ಎರಡೂ ಸಿಗುತ್ತವೆ. ಮಳೆ ನಿಂತೇ ಹೋಗಿದೆ, ಮತ್ತೆ ‘ರೇನಿಂಗ್’ ಯಾಕೆ ಅನ್ನೋದೇ ನನಗೆ ಅರ್ಥವಾಗುತ್ತಿಲ್ಲ.

12 ಟೆನ್ಸ್‌ಗಳ ಚಾರ್ಟ್ ಬಾಯಿಪಾಠ ಮಾಡಿದೆ. ನೋಡೋಕೆ ಚೆಂದ, ಬರೆಯುವಾಗ ಕೈ ಕೊಡುತ್ತದೆ. ಅನುವಾದದ ಆ್ಯಪ್ ಸುಮ್ನೆ ಒಂದು ಉತ್ತರ ಕೊಡುತ್ತದೆ, ಕಾರಣ ಹೇಳಲ್ಲ.

ಮಳೆ ನಿಂತ ಮೇಲೆ ಈ ಎರಡರಲ್ಲಿ ಯಾವುದನ್ನು ಯಾವಾಗ ಬಳಸಬೇಕು? ಒಂದೊಂದಕ್ಕೂ ಮಳೆಯದ್ದೇ ಒಂದು ಉದಾಹರಣೆ ಕೊಟ್ಟು ಹೇಳುತ್ತೀರಾ?